ಅಟಾಕ್ಸಿಯದ ನಿದಾನ: ಲಕ್ಷಣದಿಂದ ಕಾರಣದವರೆಗೆ

ರೋಗವನ್ನು ಗುರುತಿಸುವ ಕಾರ್ಯಕ್ಕೆ ನಮ್ಮಲ್ಲಿ ನಿದಾನವೆಂಬ ಹೆಸರು ರೂಢಿಯಲ್ಲಿದೆ. ಆದರೆ ಆ ಸಂಸ್ಕೃತ ಶಬ್ದದ ಮೂಲಾರ್ಥ ಕಾರಣವೆಂಬುದನ್ನು ನೆನೆದರೆ, ಲಕ್ಷಣವನ್ನು ಕಂಡು ಹೆಸರಿಟ್ಟ ಮಾತ್ರಕ್ಕೆ ನಿದಾನವು ಮುಗಿಯಿತೆನ್ನುವಂತಿಲ್ಲ. ಅಟಾಕ್ಸಿಯದ ಚರಿತ್ರೆಯು ಈ ಮಾತಿಗೆ ತಕ್ಕ ನಿದರ್ಶನ. ಕ್ರಮರಾಹಿತ್ಯವೆಂಬ ಅರ್ಥದ ಗ್ರೀಕ್ ಪದದಿಂದ ಬಂದ ಈ ಹೆಸರು ಒಂದು ರೋಗದ್ದಲ್ಲ, ಒಂದು ಅವಸ್ಥೆಯದು: ಸ್ನಾಯುಗಳಲ್ಲಿ ಬಲವಿದ್ದೂ ಅವುಗಳ ಪರಸ್ಪರ ಹೊಂದಾಣಿಕೆ ತಪ್ಪಿ, ನಡೆ ತೂರಾಡುತ್ತದೆ, ಕೈ ಗುರಿಯನ್ನು ಮೀರುತ್ತದೆ, ಮಾತು ಎಳೆದೆಳೆದು ಬರುತ್ತದೆ, ಒಂದು ತೊಟ್ಟನ್ನೂ ಮುಟ್ಟದವನನ್ನು ಬೀದಿಯ ಜನ ಕುಡುಕನೆಂದು ಬಗೆಯುತ್ತಾರೆ. ಈ ಅವಸ್ಥೆಯ ಲಕ್ಷಣವನ್ನು ವಿವೇಚಿಸಿ, ಅದರ ಸ್ಥಾನವನ್ನು ಗೊತ್ತುಮಾಡಿ, ಕೊನೆಗೆ ಕಾರಣವನ್ನು ಮುಟ್ಟುವುದಕ್ಕೆ ವೈದ್ಯಲೋಕಕ್ಕೆ ಒಂದೂವರೆ ಶತಮಾನವೇ ಹಿಡಿಯಿತು.

ಮೊದಲ ಹೆಜ್ಜೆಯನ್ನು ಬರ್ಲಿನ್ನಿನ ಮೊರಿಟ್ಸ್ ರೋಂಬರ್ಗನ ಹೆಸರಿನೊಡನೆ ಜೋಡಿಸುವುದು ವಾಡಿಕೆ. ನರರೋಗಗಳನ್ನು ಕುರಿತು 1840ರಿಂದ 1846ರವರೆಗೆ ಭಾಗಭಾಗವಾಗಿ ಹೊರಬಂದ ತನ್ನ ಗ್ರಂಥದಲ್ಲಿ ಅವನು, ಬೆನ್ನುಹುರಿಯ ಕ್ಷಯದಿಂದ ನರಳುವ ರೋಗಿ ಕಣ್ಣು ತೆರೆದಿರುವಾಗ ನಿಲ್ಲಬಲ್ಲನಾದರೂ ಕಣ್ಣು ಮುಚ್ಚಿದೊಡನೆ ಓಲಾಡತೊಡಗುತ್ತಾನೆಂಬುದನ್ನು ವರ್ಣಿಸಿದನು. ಈ ಪರೀಕ್ಷೆಗೆ ಉಪಕರಣವೇ ಬೇಡ. ಪಾದಗಳೆರಡನ್ನೂ ಜೋಡಿಸಿ ನಿಲ್ಲಿಸಿ, ಬೀಳದಂತೆ ಕೈಯೊಡ್ಡಿ, ಕಣ್ಣು ಮುಚ್ಚಿಸಿದರೆ ಸಾಕು. ದೇಹವನ್ನು ನೆಟ್ಟಗೆ ನಿಲ್ಲಿಸುವ ಸುದ್ದಿಯು ಮೆದುಳಿಗೆ ಕಣ್ಣಿನಿಂದಲೂ, ಒಳಗಿವಿಯಿಂದಲೂ, ಕಾಲಿನ ಕೀಲುಗಳಿಂದ ಬೆನ್ನುಹುರಿಯ ಮೂಲಕವೂ ಬರುತ್ತದೆ. ಕೀಲುಗಳ ಸುದ್ದಿ ನಿಂತುಹೋದವನು ಕಣ್ಣನ್ನೇ ಊರುಗೋಲಾಗಿ ಮಾಡಿಕೊಂಡಿರುತ್ತಾನೆ. ಬಚ್ಚಲಲ್ಲಿ ಮುಖಕ್ಕೆ ನೀರೆರಚಿಕೊಂಡು ಕಣ್ಣು ಮುಚ್ಚಿದ ಕ್ಷಣದಲ್ಲಿ ಮುಗ್ಗರಿಸಿದೆನೆಂದು ರೋಗಿ ತಾನಾಗಿಯೇ ಹೇಳಿದರೆ, ಅರ್ಧ ಪರೀಕ್ಷೆ ಅವನ ಮನೆಯಲ್ಲೇ ಮುಗಿದಂತೆ. ಮೆದುಳಿನ ಹಿಂಭಾಗದಲ್ಲಿದ್ದು ಚಲನೆಗಳನ್ನು ಹೊಂದಿಸುವ ಅನುಮಸ್ತಿಷ್ಕವೇ ಕೆಟ್ಟವನಾದರೋ ಕಣ್ಣು ತೆರೆದಿದ್ದಾಗಲೂ ಕಾಲುಗಳನ್ನು ಅಗಲಿಸದೆ ನಿಲ್ಲಲಾರನು. ಎರಡು ಬಗೆಯ ಅಟಾಕ್ಸಿಯಗಳನ್ನು ಬೇರ್ಪಡಿಸುವ ಈ ಸರಳೋಪಾಯಕ್ಕೆ ಇಂದಿಗೂ ಮುಪ್ಪು ಬಂದಿಲ್ಲ.

ರೋಂಬರ್ಗನು ಕಂಡ ರೋಗಕ್ಕೆ ಸಿಫಿಲಿಸ್ ಮೂಲವೆಂಬುದು ಮುಂದೆ ನಿಶ್ಚಯವಾಯಿತು. ಆದರೆ ಅದಕ್ಕೆ ಮೊದಲೇ, 1863ರಲ್ಲಿ, ಹೈಡಲ್‌ಬರ್ಗಿನ ನಿಕೊಲಾಸ್ ಫ್ರೀಡ್ರೈಖನು ಎಳೆಯ ವಯಸ್ಸಿನಲ್ಲೇ ಆರಂಭವಾಗಿ ಒಡಹುಟ್ಟಿದವರಲ್ಲಿ ಒಬ್ಬರಾದಮೇಲೊಬ್ಬರನ್ನು ಹಿಡಿಯುವ ಬೇರೊಂದು ಅಟಾಕ್ಸಿಯವನ್ನು ಪ್ರತ್ಯೇಕಿಸಿ ತೋರಿಸಿದ್ದನು. ಅನೇಕರು ಅದನ್ನು ಒಪ್ಪಲು ಹಿಂದೆಗೆದರು. 1875ರಲ್ಲಿ ಜರ್ಮನ್ ನರವೈದ್ಯರಾದ ಎರ್ಬ್ ಮತ್ತು ವೆಸ್ಟ್‌ಫಾಲರು ಮಂಡಿಯ ಕೆಳಗಿನ ಸ್ನಾಯುರಜ್ಜುವನ್ನು ತಟ್ಟಿ ಕಾಲು ಚಿಮ್ಮುವುದನ್ನು ನೋಡುವ ಪದ್ಧತಿಯನ್ನು ಪ್ರಕಟಿಸಿದ ಮೇಲೆ, ಫ್ರೀಡ್ರೈಖನ ರೋಗಿಗಳಲ್ಲಿ ಆ ಚಿಮ್ಮುವಿಕೆ ಇಲ್ಲದಿರುವುದೂ ಬೆಳಕಿಗೆ ಬಂದಿತು. ಮನೆತನದ ಇತಿಹಾಸವನ್ನು ವಿಚಾರಿಸುವುದು ಈ ರೋಗನಿದಾನದ ಅಂಗವಾದುದು ಈ ಕಾಲದಿಂದಲೇ.

ಸ್ಥಾನದ ಅನ್ವೇಷಣೆಯು ಪ್ರಾಣಿಪ್ರಯೋಗಗಳಿಂದ ತೊಡಗಿತು. 1824ರಲ್ಲಿ ಫ್ರಾನ್ಸಿನ ಪಿಯೆರ್ ಫ್ಲೂರಾನ್ಸನು, ಅನುಮಸ್ತಿಷ್ಕವನ್ನು ಕಳೆದುಕೊಂಡ ಪಾರಿವಾಳಗಳು ನಿಶ್ಚಲವಾಗದೆ ಚಲನೆಯ ಸಾಮರಸ್ಯವನ್ನು ಮಾತ್ರ ಕಳೆದುಕೊಳ್ಳುವುದನ್ನು ತೋರಿಸಿದನು. ಶತಮಾನ ತಿರುಗುವ ಹೊತ್ತಿಗೆ ಪ್ಯಾರಿಸಿನ ಬಾಬಿನ್‌ಸ್ಕಿಯು, ಅಂಗೈ ಹಿಂಗೈಗಳನ್ನು ಬೇಗಬೇಗನೆ ಮಗುಚಲು ಬಾರದಿರುವ ಲಕ್ಷಣವನ್ನು ವಿವರಿಸಿದನು. ಮನುಷ್ಯನಲ್ಲಿ ಈ ಜ್ಞಾನವನ್ನು ಪೂರ್ಣಗೊಳಿಸಿದುದು, ದುಃಖದ ಸಂಗತಿಯೆಂದರೆ, ಮೊದಲನೆಯ ಮಹಾಯುದ್ಧ. ತಲೆಯ ಹಿಂಭಾಗಕ್ಕೆ ಗುಂಡು ತಾಗಿ ಬಂದ ಸೈನಿಕರನ್ನು ಪರೀಕ್ಷಿಸಿದ ಬ್ರಿಟಿಷ್ ನರವೈದ್ಯ ಗಾರ್ಡನ್ ಹೋಮ್ಸನು, ಗಾಯ ಒಂದು ಪಕ್ಕದಲ್ಲಿದ್ದರೆ ಅದೇ ಪಕ್ಕದ ಕೈಕಾಲು ಕೆಡುವುದನ್ನೂ, ಚಲನೆ ತಡವಾಗಿ ಮೊದಲಾಗಿ ತಡವಾಗಿ ನಿಲ್ಲುವುದನ್ನೂ 1917ರ ಪ್ರಬಂಧದಲ್ಲಿ ದಾಖಲಿಸಿದನು. ರೋಗಿ ತನ್ನ ಮುಂಗೈಯನ್ನು ಎದೆಯತ್ತ ಬಲವಾಗಿ ಸೆಳೆಯುತ್ತಿರುವಾಗ, ಅದನ್ನು ಹಿಡಿದೆಳೆಯುತ್ತಿದ್ದ ವೈದ್ಯನು ಫಕ್ಕನೆ ಕೈಬಿಟ್ಟರೆ, ಆರೋಗ್ಯವಂತನ ತೋಳು ಅಲ್ಲಿಯೇ ತಡೆದು ನಿಲ್ಲುತ್ತದೆ. ಅನುಮಸ್ತಿಷ್ಕದ ರೋಗಿಯ ಕೈ ಅವನ ಮುಖಕ್ಕೇ ಬಡಿಯುತ್ತದೆ. ಸಹೋದ್ಯೋಗಿ ಸ್ಟುವರ್ಟನೊಡನೆ ಹೋಮ್ಸನು 1904ರಲ್ಲೇ ವರ್ಣಿಸಿದ ಈ ಪರೀಕ್ಷೆಯನ್ನು ಮಾಡುವಾಗ ರೋಗಿಯ ಮುಖಕ್ಕೆ ತನ್ನ ಇನ್ನೊಂದು ಕೈಯನ್ನು ಅಡ್ಡ ಹಿಡಿಯುವುದನ್ನು ಬಲ್ಲ ವೈದ್ಯರು ಮರೆಯುವುದಿಲ್ಲ.

1971ರಲ್ಲಿ ಸಿ.ಟಿ. ಚಿತ್ರಣ ಬಂದಾಗ ಜೀವಂತ ಮೆದುಳಿನ ಒಳಗನ್ನು ಕಾಣುವ ಸೌಭಾಗ್ಯ ಒದಗಿತಾದರೂ, ಅನುಮಸ್ತಿಷ್ಕವನ್ನು ಸುತ್ತುವರಿದ ದಪ್ಪ ಮೂಳೆಗಳ ನೆರಳು ಅಲ್ಲಿನ ನೋಟವನ್ನು ಮಸುಕುಗೊಳಿಸುತ್ತಿತ್ತು. ಆ ತೊಡಕನ್ನು ಬಿಡಿಸಿದುದು ಎಂ.ಆರ್.ಐ. ಗಡ್ಡೆ, ರಕ್ತಸ್ರಾವ, ಉರಿಯೂತ, ಸವಕಳಿ ಇವುಗಳನ್ನು ಅದು ಬೇರೆಬೇರೆಯಾಗಿ ತೋರಿಸಿತು. ಆದರೂ ಸವೆದ ಅನುಮಸ್ತಿಷ್ಕದ ಚಿತ್ರವು ಏನಾಗಿದೆಯೆಂದು ಹೇಳುತ್ತಿತ್ತೇ ಹೊರತು, ಏಕೆ ಆಯಿತೆಂದು ಹೇಳಲಾರದೆ ಹೋಗುತ್ತಿತ್ತು.

ಆ ಪ್ರಶ್ನೆಗೆ ಉತ್ತರ ದೊರೆತುದು ವಂಶವಾಹಿಗಳಲ್ಲಿ. 1980ರ ದಶಕದ ಆದಿಯಲ್ಲಿ ಲಂಡನ್ನಿನ ಅನಿತಾ ಹಾರ್ಡಿಂಗರು ಆನುವಂಶಿಕ ಅಟಾಕ್ಸಿಯಗಳನ್ನು ಲಕ್ಷಣಗಳ ಆಧಾರದಿಂದಲೇ ವರ್ಗೀಕರಿಸಿ ದಾರಿಯನ್ನು ಹಸನುಮಾಡಿದ್ದರು. 1993ರಲ್ಲಿ ಹ್ಯಾರಿ ಆರ್ ಮತ್ತು ಹುಡಾ ಜೋಗ್ಬಿಯವರ ತಂಡಗಳು ಸ್ಪೈನೊಸೆರೆಬೆಲ್ಲರ್ ಅಟಾಕ್ಸಿಯವೆಂಬ (ಸಂಕ್ಷೇಪದಲ್ಲಿ ಎಸ್‌ಸಿಎ) ಆನುವಂಶಿಕ ರೋಗಗಳ ಗುಂಪಿಗೆ ಸೇರಿದ ಎಸ್‌ಸಿಎ 1ರ ವಂಶವಾಹಿಯಲ್ಲಿ ಮೂರಕ್ಷರದ ಒಂದು ತುಣುಕು ಮಿತಿಮೀರಿ ಪುನರಾವರ್ತನೆಯಾಗಿರುವುದನ್ನು ಕಂಡುಹಿಡಿದುವು. 1996ರಲ್ಲಿ ಫ್ರೀಡ್ರೈಖನ ರೋಗದ ರಹಸ್ಯವೂ ಅಂಥದೇ ಎಂದು ತಿಳಿಯಿತು; ಸಾಮಾನ್ಯರಲ್ಲಿ 33ಕ್ಕಿಂತ ಕಡಿಮೆಯಿರುವ ಆವರ್ತನೆ ರೋಗಿಗಳಲ್ಲಿ ಬಹುಮಟ್ಟಿಗೆ ನೂರಾರಾಗಿರುತ್ತದೆ. ಎಸ್‌ಸಿಎ ಗುಂಪಿನ ಕೆಲವು ರೋಗಗಳು ಒಂದು ತಲೆಮಾರಿಗಿಂತ ಮುಂದಿನದರಲ್ಲಿ ಬೇಗ ಕಾಣಿಸಿಕೊಳ್ಳುವುದೇಕೆಂಬುದಕ್ಕೂ, ಆವರ್ತನೆಗಳ ಈ ಸರಣಿ ಸಂತಾನದಲ್ಲಿ ಬೆಳೆಯುವುದೇ ಸಮಾಧಾನವಾಯಿತು. 1999ರಲ್ಲಿ ಮೊದಲು ವರದಿಯಾದ ಎಸ್‌ಸಿಎ 12 ಉತ್ತರ ಭಾರತದ ಅಗರ್ವಾಲ ಕುಟುಂಬಗಳಲ್ಲಿ ವಿಶೇಷವಾಗಿ ಕಂಡುಬಂದು, ರೋಗಿಯ ಮೂಲಸ್ಥಾನವನ್ನು ವಿಚಾರಿಸುವುದೂ ಪರೀಕ್ಷೆಯ ಒಂದು ಭಾಗವೆಂದು ಕಲಿಸಿತು. 2019ರಲ್ಲಿ ಆರ್‌ಎಫ್‌ಸಿ1 ವಂಶವಾಹಿಯಲ್ಲಿ ಅಟಾಕ್ಸಿಯಕ್ಕೆ ಕಾರಣವಾಗುವ ದೋಷ ಪತ್ತೆಯಾದಾಗ, ವರ್ಷಗಟ್ಟಲೆ ಕಾಡುತ್ತಿದ್ದ ಒಣಕೆಮ್ಮೂ ತೂರಾಟಕ್ಕೆ ಪೂರ್ವಸೂಚನೆಯಾಗಬಹುದೆಂಬ ವಿಸ್ಮಯ ಹೊರಬಿದ್ದಿತು.

ಇಂತಹ ದೀರ್ಘ ಆವರ್ತನೆಗಳನ್ನು ಎಲ್ಲ ವಂಶವಾಹಿಗಳನ್ನೂ ಒಟ್ಟಿಗೆ ಓದುವ ಸಾಮಾನ್ಯ ಪರೀಕ್ಷೆ ಎಷ್ಟೋ ವೇಳೆ ಹಿಡಿಯಲಾರದು; ಅವುಗಳನ್ನು ಬೇರೆಯಾಗಿಯೇ ಎಣಿಸಬೇಕು. ಯಾವುದನ್ನು ಎಣಿಸಬೇಕೆಂಬ ನಿರ್ಣಯವಾದರೋ ವೈದ್ಯನ ಪ್ರಶ್ನೆಗಳಿಂದಲೇ ಬರತಕ್ಕುದು. ತೂರಾಟವು ನಿಮಿಷಗಳಲ್ಲಿ ಬಂದಿತೆ? ಹಾಗಿದ್ದರೆ ಮೆದುಳಿನ ರಕ್ತನಾಳವನ್ನು ಶಂಕಿಸಬೇಕು. ಮಗುವಿಗೆ ಸೀತಾಳೆ ಸಿಡುಬಾದ ದಿನಗಳಲ್ಲಿ ಬಂದಿತೆ? ಅದು ಬಹುಶಃ ತಾನಾಗಿ ಇಳಿಯುವ ಉರಿಯೂತ. ತಿಂಗಳುಗಳಲ್ಲಿ ಏರಿತೆ? ದೇಹದಲ್ಲೆಲ್ಲೋ ಅಡಗಿದ ಅರ್ಬುದವನ್ನು ಹುಡುಕಬೇಕು. ವರ್ಷಗಳಲ್ಲಿ ಬೆಳೆಯಿತೆ? ವಂಶವೃಕ್ಷವನ್ನು ಬರೆದುಕೊಳ್ಳಬೇಕು. ಕಂಡುದನ್ನು ಅಳೆಯುವುದಕ್ಕೆ 2006ರಲ್ಲಿ ರೂಪುಗೊಂಡ ಸಾರಾ ಎಂಬ ಮಾಪಕವಿದೆ; ನಡೆ, ನಿಲುವು, ಮಾತು ಮೊದಲಾದ ಎಂಟು ಬಾಬತ್ತುಗಳಿಗೆ ಒಟ್ಟು 40 ಅಂಕ, ಅಂಕವೇರಿದಷ್ಟೂ ರೋಗ ಬಲಿತಿದೆಯೆಂದು ಅರ್ಥ.

ಆದರೆ ವಂಶವಾಹಿಯವರೆಗೆ ಹೋಗುವ ಮುನ್ನ ವಿವೇಕಿಯಾದ ವೈದ್ಯನು ಸರಿಪಡಿಸಬಹುದಾದ ಕಾರಣಗಳನ್ನು ಒಂದೊಂದಾಗಿ ಕಳೆಯುತ್ತಾನೆ: ಬಿ12 ಜೀವಸತ್ವದ ಕೊರತೆ, ಇ ಜೀವಸತ್ವದ ಕೊರತೆ, ಥೈರಾಯ್ಡ್ ಮಾಂದ್ಯ, ಮದ್ಯಪಾನ, ಮೂರ್ಛೆರೋಗಕ್ಕಾಗಿ ಸೇವಿಸುವ ಫೆನಿಟಾಯಿನ್ ಗುಳಿಗೆಯ ಪ್ರಮಾಣ. ವಂಶದಲ್ಲಿ ಯಾರಿಗೂ ಇಲ್ಲದ ತೂರಾಟವು ಒಮ್ಮೊಮ್ಮೆ ಗುಳಿಗೆಯನ್ನು ಇಳಿಸಿದ ಮಾತ್ರಕ್ಕೆ ಇಳಿದುಹೋಗುವುದುಂಟು. ಇನ್ನೊಂದು ತುದಿಯಲ್ಲಿ, ಅಮೆರಿಕದಲ್ಲಿ 2023ರಲ್ಲಿ ಫ್ರೀಡ್ರೈಖನ ರೋಗಕ್ಕೆ ಮೊಟ್ಟಮೊದಲ ಔಷಧಿಯಾಗಿ ಒಮಾವೆಲಾಕ್ಸೋಲೋನ್ ಅಂಗೀಕೃತವಾದಾಗ, ಆ ರೋಗವೇ ಎಂದು ಖಚಿತವಾಗಿದ್ದವರಿಗಷ್ಟೇ ಅದರ ಬಾಗಿಲು ತೆರೆಯಿತು. ತೂರಾಡುತ್ತ ಬಂದವನ ತೂರಾಟಕ್ಕೆ ಹೆಸರನ್ನು ದಾರಿಹೋಕನೂ ಇಟ್ಟಾನು. ಅವನು ಏಕೆ ತೂರಾಡುತ್ತಾನೆಂದು ಹೇಳುವುದೇ ನಿದಾನ.