ಕ್ಯಾರಿಬ್ಯಾಗಿನ ಬೆಲೆ

ಅಂಗಡಿಯಲ್ಲಿ ಕೊಂಡ ಮಾಲು ಒಯ್ಯಲು ಕೊಡುವ ಚೀಲಕ್ಕೆ ಅಂಗಡಿಕಾರ ಬಿಲ್ಲಿನಲ್ಲಿ ಬೇರೆಯಾಗಿ ಹಿಡಿಯುವ ಹಣ. ಭಾರತದಲ್ಲಿ ಇದು ಕಾನೂನಿನ ಪುಟಕ್ಕೆ ಬಂದದ್ದು 2011ರಲ್ಲಿ; ಗ್ರಾಹಕ ಆಯೋಗಗಳ ಕಟ್ಟೆ ಹತ್ತಿ ದೇಶದ ಕಿವಿಗೆ ಬಿದ್ದದ್ದು 2019ರಲ್ಲಿ. ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿ, ಇಂಡಿ, ಸಿಂದಗಿ, ಮುದ್ದೇಬಿಹಾಳದಂಥ ಪೇಟೆಗಳಲ್ಲಿ ಮಹಾನಗರದ ಮಾಲ್‌ಗಳಂತೆ ಇದು ದೊಡ್ಡ ಜಗಳವಾಗಿ ಬೆಳೆಯಲಿಲ್ಲ. ಅದಕ್ಕೆ ಕಾರಣ ಆ ಪೇಟೆಗಳ ಹಳೆಯ ಚೀಲದ ರೂಢಿಯಲ್ಲೂ ಇದೆ, ಕಾನೂನಿನ ತಾರೀಖುಗಳಲ್ಲೂ ಇದೆ.

ಈ ವಿಷಯದಲ್ಲಿ ಮೂರು ಮಾತುಗಳು ಒಟ್ಟೊಟ್ಟಿಗೆ ಕೇಳಿಬರುತ್ತವೆ. ಚೀಲಕ್ಕೆ ರೊಕ್ಕ ತಗೋಬೇಕೆಂದು ಸರ್ಕಾರವೇ ಹೇಳಿದೆ ಎಂಬುದು ಒಂದು. ಚೀಲ ಕೊಡುವುದೇ ಅಪರಾಧ ಎಂಬುದು ಇನ್ನೊಂದು. ಚೀಲಕ್ಕೆ ರೊಕ್ಕ ಕೇಳುವುದು ತಪ್ಪು ಎಂಬುದು ಮತ್ತೊಂದು. ಮೂರಕ್ಕೂ ಆಧಾರ ಉಂಟು. ಆದರೆ ಒಂದೊಂದು ಮಾತು ಒಂದೊಂದು ಕಾಲದ್ದು, ಒಂದೊಂದು ಬಗೆಯ ಚೀಲಕ್ಕೆ ಸೇರಿದ್ದು. ಚೀಲದ ಜಾತಿ, ತಾರೀಖು ಎರಡನ್ನೂ ಬಿಡಿಸಿಕೊಳ್ಳದೆ ಈ ಚರಿತ್ರೆ ಹಿಡಿತಕ್ಕೆ ಸಿಗುವುದಿಲ್ಲ.

ಹಳೆಯ ರೂಢಿ

ಸಂತೆಗೆ ಹೋಗುವವರು ಮನೆಯಿಂದಲೇ ಚೀಲ ಒಯ್ಯುವುದು ಈ ಸೀಮೆಯ ವಾಡಿಕೆ. ಅರಿವೆಯ ಕೈಚೀಲಕ್ಕೆ ಮರಾಠಿಯಿಂದ ಬಂದ ಪಿಶವಿ ಎಂಬ ಹೆಸರೂ ಇದೆ. ಹೆಗಲಿನ ಎರಡೂ ಕಡೆ ಇಳಿಬೀಳುವ ಜೋಡಿ ಚೀಲ ಹಸಿಬೆ. ಎಲೆ ಅಡಿಕೆಗೆ ಸಂಚಿ, ಜಂಗಮರ ಭಿಕ್ಷೆಗೆ ಜೋಳಿಗೆ, ಕಾಳುಕಡಿಗೆ ಗೋಣಿ. ಕಿರಾಣಿ ಅಂಗಡಿಯವ ರದ್ದಿ ಕಾಗದದಲ್ಲಿ ಪುಡಿಕೆ ಕಟ್ಟಿ ಮೇಲೆ ದಾರ ಸುತ್ತುತ್ತಿದ್ದ. ಆ ಪುಡಿಕೆಗಳನ್ನು ತುಂಬಿಕೊಳ್ಳುವ ಚೀಲ ಗಿರಾಕಿಯದು. ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಇವತ್ತಿಗೂ ಅದೇ ಕ್ರಮ: ಅಕ್ಕಿ ಸರ್ಕಾರದ್ದು, ಚೀಲ ಕಾರ್ಡಿನವರದು.

ಚಿಲ್ಲರೆ ವ್ಯಾಪಾರದಲ್ಲಿ ಚೀಲಕ್ಕೆ ಬೆಲೆ ಇರಲಿಲ್ಲ ಎಂದರೆ ಸಗಟಿನಲ್ಲೂ ಇರಲಿಲ್ಲ ಎಂದಲ್ಲ. ಅಡತಿ ಅಂಗಡಿಯ ಲೆಕ್ಕದಲ್ಲಿ ಬಾರದಾನ ಎಂಬ ಪಾರ್ಸಿ ಮೂಲದ ಮಾತು ಬಹುಕಾಲದಿಂದ ಇದೆ. ಮಾಲು ತುಂಬುವ ಗೋಣಿಗೆ ಆ ಹೆಸರು. ಅದರ ತೂಕ ಕಳೆದು ಮಾಲಿನ ತೂಕ ಹಿಡಿಯಬೇಕು. ಗೋಣಿ ಯಾರದು, ಅದರ ಹಣ ಯಾರ ಪಾಲಿಗೆ ಎಂಬುದು ವ್ಯವಹಾರದ ಮಾತಿನಲ್ಲೇ ತೀರ್ಮಾನವಾಗಬೇಕು. ತೊಗರಿ, ಜೋಳ, ಇಂಡಿಯ ಲಿಂಬೆ ಯಾವುದೇ ಇರಲಿ, ಚೀಲ ಪುಕ್ಕಟೆ ಬರುವ ವಸ್ತುವಲ್ಲ ಎಂಬ ತಿಳಿವಳಿಕೆ ಈ ಭಾಗದ ರೈತರಿಗೂ ವ್ಯಾಪಾರಿಗಳಿಗೂ ಹೊಸದಲ್ಲ. ಮಾಲ್‌ನ ಚೀಲದ ಬೆಲೆಯನ್ನು ಹೊಚ್ಚಹೊಸ ಅನ್ಯಾಯವೆಂದು ಬಣ್ಣಿಸುವ ಬರಹಗಳು ಬಾರದಾನವನ್ನು ಮರೆತಿರುತ್ತವೆ.

ಪುಕ್ಕಟೆ ಚೀಲದ ದಿನಗಳು

ಒಂದೇ ಹಾಳೆಯಿಂದ ಹಿಡಿಕೆಸಹಿತ ಪ್ಲಾಸ್ಟಿಕ್ ಚೀಲ ತಯಾರಿಸುವ ವಿಧಾನ ಸ್ವೀಡನ್ನಿನ ಸ್ಟೆನ್ ಗುಸ್ತಾಫ್ ತೂಲಿನ್ ಅವರದು. ಸೆಲ್ಲೊಪ್ಲಾಸ್ಟ್ ಕಂಪನಿ 1965ರಲ್ಲಿ ಅದರ ಪೇಟೆಂಟ್ ಪಡೆಯಿತು. ಮುಂದೆ ಕೆಲವೇ ದಶಕಗಳಲ್ಲಿ ಆ ಚೀಲ ಭಾರತದ ಸಣ್ಣ ಪೇಟೆಗಳಿಗೂ ಇಳಿಯಿತು. ಕ್ಯಾರಿಬ್ಯಾಗ್ ಎಂಬ ಇಂಗ್ಲಿಷ್ ಹೆಸರೇ ಕನ್ನಡದ ಮಾತಾಯಿತು, ಅದೂ ತೆಳು ಪ್ಲಾಸ್ಟಿಕ್ ಚೀಲಕ್ಕೆ ಮಾತ್ರ. ಅರಿವೆಯದನ್ನು ಯಾರೂ ಕ್ಯಾರಿಬ್ಯಾಗ್ ಅನ್ನುವುದಿಲ್ಲ. ಈ ಭಾಷಾಭೇದಕ್ಕೆ ಮುಂದೆ ಕಾನೂನಿನಲ್ಲೂ ಬೆಲೆ ಬಂತು. ಇದೇ ಕಾಲದಲ್ಲಿ ಮದುವೆಯ ಜವಳಿ ಕೊಂಡವರಿಗೆ ಅಂಗಡಿಯ ಹೆಸರು, ಊರು, ಫೋನ್ ನಂಬರ್ ಅಚ್ಚಾದ ಗಟ್ಟಿ ಚೀಲ ಕೊಡುವ ಪದ್ಧತಿ ಬಂತು. ಅದು ಜಾಹೀರಾತೂ ಹೌದು, ಮರ್ಯಾದೆಯೂ ಹೌದು. ವರ್ಷಗಟ್ಟಲೆ ಬುತ್ತಿ ಚೀಲವಾಗಿ ದುಡಿಯುತ್ತಿತ್ತು.

2011ರಿಂದ 2016: ಮರೆತುಹೋದ ಐದು ವರ್ಷ

ಪ್ಲಾಸ್ಟಿಕ್ ಚೀಲದ ಮೇಲೆ ಕೇಂದ್ರ ಸರ್ಕಾರದ ಮೊದಲ ನಿಯಮ 1999ರದು. ಅದು ಬೆಲೆಯ ಮಾತೆತ್ತಲಿಲ್ಲ, ದಪ್ಪ ಕನಿಷ್ಠ 20 ಮೈಕ್ರಾನ್ ಇರಬೇಕೆಂದಿತು. ದಪ್ಪದ ಹಿಂದೆ ಎರಡು ಲೆಕ್ಕಾಚಾರಗಳಿದ್ದವು. ತೀರ ತೆಳು ಚೀಲ ಆಯುವವರಿಗೆ ಗಿಟ್ಟುವುದಿಲ್ಲ. ಎಷ್ಟು ಆಯ್ದರೂ ತೂಕಕ್ಕೆ ಬರುವುದಿಲ್ಲ. ದಪ್ಪ ಹೆಚ್ಚಿದಂತೆ ಚೀಲ ತುಟ್ಟಿಯಾಗುತ್ತದೆ. ಅಂಗಡಿಯವ ಕೈಬಿಚ್ಚಿ ಕೊಡಲಾರ. ಈ ಕನಿಷ್ಠ ದಪ್ಪ 2011ರಲ್ಲಿ 40, 2016ರಲ್ಲಿ 50, 2021ರ ಸೆಪ್ಟೆಂಬರ್ 30ರಿಂದ 75, 2022ರ ಡಿಸೆಂಬರ್ 31ರಿಂದ 120 ಮೈಕ್ರಾನ್ ಆಯಿತು.

2011ರ ಫೆಬ್ರುವರಿ 4ರಂದು ಹೊರಬಿದ್ದ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳಲ್ಲಿ ದಪ್ಪದ ಸುದ್ದಿಗೆ ಸಿಕ್ಕ ಪ್ರಚಾರ 10ನೇ ನಿಯಮಕ್ಕೆ ಸಿಗಲಿಲ್ಲ. ಚಿಲ್ಲರೆ ವ್ಯಾಪಾರಿ ಗಿರಾಕಿಗೆ ಕ್ಯಾರಿಬ್ಯಾಗನ್ನು ಪುಕ್ಕಟೆ ಕೊಡಕೂಡದು ಎಂದು ಅದು ವಿಧಿಸಿತು. ಚೀಲದ ಗುಣ, ಅಳತೆ ನೋಡಿ, ಚೀಲದ ಖರ್ಚು ಮತ್ತು ಕಸ ವಿಲೇವಾರಿಯ ಖರ್ಚು ಎರಡೂ ಹೊರಡುವಂತೆ ಕನಿಷ್ಠ ದರ ಗೊತ್ತುಮಾಡುವ ಅಧಿಕಾರವನ್ನು ಪೌರಸಂಸ್ಥೆಗಳಿಗೆ ಕೊಟ್ಟಿತು. ಎಂದರೆ ಬಾಗೇವಾಡಿ ಪುರಸಭೆ ಮನಸ್ಸು ಮಾಡಿದ್ದರೆ ತನ್ನ ಪೇಟೆಯ ಚೀಲಕ್ಕೆ ದರಪಟ್ಟಿ ಹೊರಡಿಸಬಹುದಿತ್ತು. ಉಕ್ಕಲಿ, ಹೂವಿನಹಿಪ್ಪರಗಿಯಂಥ ಹಳ್ಳಿಗಳ ಪಂಚಾಯಿತಿಗಳಿಗೆ ಆ ಅಧಿಕಾರ ಇರಲಿಲ್ಲ. ಹಳ್ಳಿಗಳು ನಿಯಮದ ಜಾರಿ ವ್ಯವಸ್ಥೆಯೊಳಗೆ ಬಂದದ್ದು 2016ರಲ್ಲಿ. ಕಾಗದದ ಮೇಲೆ ನೋಡಿದರೆ ಈ ಐದು ವರ್ಷ, ಬದನೆಕಾಯಿ ಹಾಕಿ ಕ್ಯಾರಿಬ್ಯಾಗ್ ಪುಕ್ಕಟೆ ಕೊಟ್ಟ ಪ್ರತಿ ಕಾಯಿಪಲ್ಲೆ ಮಾರುವವಳೂ ಕೇಂದ್ರದ ನಿಯಮ ಮುರಿದಂತೆ.

ಈ ನಿಯಮದ ದೊಡ್ಡ ಕೊರತೆ ಹಣದ ದಾರಿಯದು. ಐರ್ಲೆಂಡ್ 2002ರ ಮಾರ್ಚ್ 4ರಿಂದ ಚೀಲಕ್ಕೆ 15 ಸೆಂಟ್ ಸುಂಕ ಹಾಕಿತು. ಆ ಹಣ ಅಂಗಡಿಯ ಗಲ್ಲೆಗೆ ಬೀಳದೆ ಸರ್ಕಾರದ ಪರಿಸರ ನಿಧಿಗೆ ಹೋಗುತ್ತಿತ್ತು. ವರ್ಷಕ್ಕೆ ತಲಾ 328 ಚೀಲವಿದ್ದ ಬಳಕೆ 21ಕ್ಕೆ ಇಳಿಯಿತೆಂಬ ಅಂದಾಜು ಪ್ರಸಿದ್ಧ. ಭಾರತದ 10ನೇ ನಿಯಮ ದರ ಹೇಳಿತು, ದರದ ಹಣ ಯಾರಿಗೆಂದು ಹೇಳಲಿಲ್ಲ. ಚೀಲ ಮಾರುವುದೇ ಲಾಭದ ಬಾಬತ್ತಾಗುವ ಸಾಧ್ಯತೆಯನ್ನು ದೊಡ್ಡ ಅಂಗಡಿಗಳು ಕಂಡುಕೊಂಡದ್ದು ಈ ಬಿರುಕಿನಲ್ಲಿ ಎನ್ನಬಹುದು.

2016ರ ಮಾರ್ಚ್: ಒಂದು ವಾರದ ಅಂತರ

ಗೊಂದಲದ ಬೇರು ಇರುವುದು ಇಲ್ಲಿ. 2016ರ ಮಾರ್ಚ್ 11ರಂದು ಕರ್ನಾಟಕ ಸರ್ಕಾರ ಪರಿಸರ (ಸಂರಕ್ಷಣೆ) ಕಾಯ್ದೆಯಡಿ ಅಧಿಸೂಚನೆ ಹೊರಡಿಸಿ, ದಪ್ಪ ಎಷ್ಟೇ ಇರಲಿ, ಪ್ಲಾಸ್ಟಿಕ್ ಕ್ಯಾರಿಬ್ಯಾಗಿನ ತಯಾರಿಕೆ, ಮಾರಾಟ, ಬಳಕೆಯನ್ನು ರಾಜ್ಯದಲ್ಲಿ ನಿಷೇಧಿಸಿತು. ತಟ್ಟೆ, ಲೋಟ, ಚಮಚ, ಫ್ಲೆಕ್ಸ್ ಕೂಡ ಪಟ್ಟಿಯಲ್ಲಿದ್ದವು. ಏಳೇ ದಿನಕ್ಕೆ, ಮಾರ್ಚ್ 18ರಂದು, ಕೇಂದ್ರದ ಹೊಸ ನಿಯಮಗಳು ಬಂದವು. ಅವುಗಳ 15ನೇ ನಿಯಮದ ಪ್ರಕಾರ ಪ್ಲಾಸ್ಟಿಕ್ ಚೀಲ ಕೊಡಬಯಸುವ ಅಂಗಡಿಕಾರ, ಬೀದಿ ವ್ಯಾಪಾರಿ ಸ್ಥಳೀಯ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಿ, ತಿಂಗಳಿಗೆ 4,000ದಂತೆ ವರ್ಷಕ್ಕೆ ಕನಿಷ್ಠ 48,000 ರೂಪಾಯಿ ಕಟ್ಟಬೇಕು; ಚೀಲಕ್ಕೆ ಹಣ ಕೊಡಬೇಕೆಂಬ ಫಲಕ ತೂಗುಹಾಕಬೇಕು. ದಿನಕ್ಕೆ 131 ರೂಪಾಯಿಯ ಮೇಲೆ ಬರುವ ಈ ಲೆಕ್ಕ ಬಸ್‌ಸ್ಟ್ಯಾಂಡಿನ ಹಣ್ಣಿನ ಗಾಡಿಯವನಿಗೆ ಎಟುಕುವಂಥದಲ್ಲ. ಕೇಂದ್ರವೂ ಕಡೆಗೆ ಕೈಬಿಟ್ಟಿತು: 2018ರ ಮಾರ್ಚ್ 27ರ ತಿದ್ದುಪಡಿಯಲ್ಲಿ 15ನೇ ನಿಯಮವೇ ರದ್ದಾಯಿತು.

ಇದರಿಂದ ಕರ್ನಾಟಕದ ಮಟ್ಟಿಗೆ ಒಂದು ವಿಚಿತ್ರ ಸ್ಥಿತಿ. ಕೊಡುವುದೇ ನಿಷಿದ್ಧವಾದ ಚೀಲಕ್ಕೆ ದರ ಹಿಡಿಯುವ ಪ್ರಶ್ನೆ 2016ರ ಮಾರ್ಚ್ 11ರ ಬಳಿಕ ಏಳುವಂತಿರಲಿಲ್ಲ. ಕಾಗದ, ಅರಿವೆಯ ಚೀಲಕ್ಕೆ ದರ ಹಿಡಿಯಿರಿ ಎಂದು 2011ರ ನಿಯಮವೂ ಹೇಳಿರಲಿಲ್ಲ, 2016ರದೂ ಹೇಳಲಿಲ್ಲ. ಅವುಗಳ ವ್ಯಾಖ್ಯೆಯಲ್ಲಿ ಕ್ಯಾರಿಬ್ಯಾಗ್ ಎಂದರೆ ಪ್ಲಾಸ್ಟಿಕ್ ಚೀಲ. ಬಾಗೇವಾಡಿಯ ಸಂತೆಯ ಮಾತೂ ದಿಲ್ಲಿಯ ನಿಯಮವೂ ಈ ಒಂದು ಅರ್ಥದಲ್ಲಿ ಕೂಡಿಬಂದಿದ್ದವು. ಹಾಗಾಗಿ ಮಾಲ್‌ನ ಗಲ್ಲೆಯಲ್ಲಿ ಕಾಗದದ ಚೀಲ ಮುಂದಿಟ್ಟು 'ಸರ್ಕಾರದ ರೂಲು' ಎಂದು ಹೇಳುವ ಮಾತಿಗೆ ಈ ನಿಯಮಗಳಲ್ಲಿ ಆಧಾರವಿಲ್ಲ.

ಮೂರು ರೂಪಾಯಿ, ಹದಿನೆಂಟು ರೂಪಾಯಿ, ಇಪ್ಪತ್ತು ರೂಪಾಯಿ

ಗಿರಾಕಿಗಳು ತಿರುಗಿ ಬಿದ್ದದ್ದು ಕಾಗದ, ಅರಿವೆಯ ಚೀಲಗಳ ಮೇಲೆಯೇ. 2019ರ ಫೆಬ್ರುವರಿಯಲ್ಲಿ ಚಂಡೀಗಢದ ಬಾಟಾ ಅಂಗಡಿಯೊಂದು 402 ರೂಪಾಯಿಯ ಬಿಲ್ಲಿನಲ್ಲಿ ಕಾಗದದ ಚೀಲಕ್ಕೆ 3 ರೂಪಾಯಿ ಸೇರಿಸಿತ್ತು. ಚೀಲದ ಮೇಲೆ ಕಂಪನಿಯ ಹೆಸರಿತ್ತು. ಜಾಹೀರಾತನ್ನು ಗಿರಾಕಿಯ ಕೈಗೆ ಕೊಟ್ಟು ಅವನಿಂದಲೇ ಹಣ ಪಡೆದಂತಾಯಿತು ಎಂಬ ವಾದವನ್ನು ಜಿಲ್ಲಾ ಗ್ರಾಹಕ ವೇದಿಕೆ ಒಪ್ಪಿ, ಒಟ್ಟು 9,000 ರೂಪಾಯಿಗಳಷ್ಟು ತೆರಲು ಏಪ್ರಿಲ್‌ನಲ್ಲಿ ಆದೇಶಿಸಿತು.

ಇದಕ್ಕಿಂತ ತೂಕದ್ದು ಬಿಗ್ ಬಜಾರ್ ಪ್ರಕರಣ. ಅಲ್ಲಿ ಅರಿವೆಯ ಚೀಲಕ್ಕೆ 18 ರೂಪಾಯಿ ಹಿಡಿಯಲಾಗಿತ್ತು. 2020ರ ಡಿಸೆಂಬರ್ 22ರಂದು ರಾಷ್ಟ್ರೀಯ ಗ್ರಾಹಕ ಆಯೋಗ ಇದನ್ನು ಅನುಚಿತ ವ್ಯಾಪಾರ ಪದ್ಧತಿ ಎಂದು ಕರೆದು, ಎಲ್ಲ ಮಳಿಗೆಗಳಲ್ಲೂ ನಿಲ್ಲಿಸಲು ಹೇಳಿತು. ವರದಿಗಳು ಈ ತೀರ್ಪನ್ನು 'ಚೀಲ ಪುಕ್ಕಟೆ ಕೊಡಲೇಬೇಕು' ಎಂದು ಓದಿದ್ದುಂಟು. ಅದು ಸರಿಯಾದ ಓದಲ್ಲ. ಆಯೋಗ ಹಿಡಿದ ತಪ್ಪು ಕ್ರಮದ್ದು. ಗಿರಾಕಿ ಅಂಗಡಿಯೊಳಗೆ ಬರುವಾಗ, ಮಾಲು ಆರಿಸುವ ಮೊದಲೇ, ಚೀಲಕ್ಕೆ ಇಷ್ಟು ಬೆಲೆ ಎಂದು ಎದ್ದು ಕಾಣುವಂತೆ ತಿಳಿಸಬೇಕು. ಮಾಲು ಆರಿಸಿ ಗಲ್ಲೆಯ ಮುಂದೆ ನಿಂತವನಿಗೆ ಬಿಲ್ ಹರಿಯುವ ಹೊತ್ತಿಗೆ ಹೇಳುವುದು ಒತ್ತಾಯಕ್ಕೆ ಸಮ. ಮನೆಯ ಚೀಲವನ್ನು ಬಾಗಿಲಲ್ಲೇ ಇರಿಸಿಕೊಳ್ಳುವ ಅಂಗಡಿಗಳಲ್ಲಂತೂ ಇಕ್ಕಟ್ಟು ಎರಡು ಪಟ್ಟು. ಇಂಥ ಮೊಕದ್ದಮೆಗಳಲ್ಲಿ ದೂರುದಾರರು ನೆಚ್ಚುವ ಇನ್ನೊಂದು ಆಧಾರ 1930ರ ಸರಕು ಮಾರಾಟ ಕಾಯ್ದೆ: ಮಾಲನ್ನು ಕೊಡಲು ಸಿದ್ಧಗೊಳಿಸುವ ಖರ್ಚು, ಬೇರೆ ಕರಾರು ಇಲ್ಲದಿದ್ದರೆ, ಮಾರುವವನದು.

ಕರ್ನಾಟಕದಲ್ಲಿ ಹೆಚ್ಚು ಚರ್ಚೆಯಾದದ್ದು ಬೆಂಗಳೂರಿನ ಐಕಿಯಾ ಪ್ರಕರಣ. ಕಂಪನಿಯ ಮುದ್ರೆಯಿದ್ದ ಚೀಲಕ್ಕೆ 20 ರೂಪಾಯಿ ಪಡೆದದ್ದಕ್ಕೆ ಶಾಂತಿನಗರದ ಗ್ರಾಹಕ ಆಯೋಗ 2023ರ ಅಕ್ಟೋಬರ್‌ನಲ್ಲಿ, ಆ 20 ರೂಪಾಯಿಯ ಜೊತೆ ಪರಿಹಾರ ಮತ್ತು ಖರ್ಚು ಎಂದು 3,000 ರೂಪಾಯಿ ಕೊಡಿಸಿತು.

ಸದ್ಯದ ಸ್ಥಿತಿ

ನಿಷೇಧದ ಬಳಿಕ ಅಂಗಡಿಗಳಿಗೆ ಬಂದ, ಬಟ್ಟೆಯಂತೆ ಕಾಣುವ ನಾನ್‌ವೋವನ್ ಚೀಲವನ್ನು ಹಲವರು ಅರಿವೆಯದೆಂದೇ ತಿಳಿದಿದ್ದಾರೆ. ಅದು ಪಾಲಿಪ್ರೊಪಿಲೀನ್, ಎಂದರೆ ಪ್ಲಾಸ್ಟಿಕ್. ಬೆಂಕಿ ತಾಗಿಸಿದರೆ ನೂಲಿನಂತೆ ಬೂದಿಯಾಗದೆ ಕರಗಿ ಮುದ್ದೆಗಟ್ಟುತ್ತದೆ. 2021ರ ಕೇಂದ್ರ ತಿದ್ದುಪಡಿ ಇದಕ್ಕೆ ಚದರ ಮೀಟರಿಗೆ ಕನಿಷ್ಠ 60 ಗ್ರಾಂ ತೂಕ ಗೊತ್ತುಮಾಡಿದೆ.

ಸಣ್ಣ ಪೇಟೆಗಳಲ್ಲಿ ಚೀಲದ ಬೆಲೆ ಬಿಲ್ಲಿನ ಪ್ರತ್ಯೇಕ ಸಾಲಾಗಿ ಕಾಣುವುದು ಅಪರೂಪ. ತುಟ್ಟಿ ಚೀಲದ ಖರ್ಚು ಮಾಲಿನ ದರದಲ್ಲೇ ಅಡಗುತ್ತದೆ, ಇಲ್ಲವೇ 'ಚೀಲ ತಂದೀರೇನ್ರಿ?' ಎಂಬ ಪ್ರಶ್ನೆಯಲ್ಲಿ ಮುಗಿಯುತ್ತದೆ. ಬಿಲ್ಲಿನಲ್ಲಿ ಚೀಲದ ಸಾಲು ಕಂಡ ಬಾಗೇವಾಡಿಯ ಗಿರಾಕಿ, ಅಂಗಡಿ ಬೆಂಗಳೂರಿನದೇ ಆಗಿರಲಿ, ವಿಜಯಪುರದ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಕೊಡಬಹುದು. ದೂರುದಾರ ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅವಕಾಶ ಕೊಟ್ಟಿದೆ. 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ.