ಹನ್ನೆರಡು ವರ್ಷ ಕೂತ್ರೆ ಜಾಗ ಯಾರದ್ದು?

ಉಲ್ಲಾಳದಲ್ಲಿ ಖಾಲಿ ಸೈಟ್ ಇಟ್ಟುಕೊಂಡವರು ನನ್ನನ್ನು ಕೇಳೋದು ಒಂದೇ: "ಸಾರ್, 12 ವರ್ಷ ಕೂತ್ರೆ ಜಾಗ ಅವರದ್ದೇ ಆಗಿಬಿಡುತ್ತಂತೆ, ಹೌದಾ?"

ಈ 12ರ ಲೆಕ್ಕ ಬ್ರಿಟಿಷರ 1859ರ ಕಾಲಮಿತಿ ಕಾಯ್ದೆಯದು. 1908ರ ಕಾಯ್ದೆಯಲ್ಲಂತೂ, ಜಾಗದಿಂದ ಹೊರದಬ್ಬಿಸಿಕೊಂಡ ಮಾಲೀಕನೇ 12 ವರ್ಷದೊಳಗೆ ಅದು ತನ್ನ ಸ್ವಾಧೀನದಲ್ಲಿತ್ತು ಅಂತ ಸಾಬೀತು ಮಾಡಬೇಕಿತ್ತು. 1963ರಲ್ಲಿ ಹೊರೆ ತಿರುಗಿತು. ನೀವು ಮಾಲೀಕತ್ವ ತೋರಿಸಿದರೆ, ಪ್ರತಿಕೂಲ ಸ್ವಾಧೀನವನ್ನು ಕೂತವನೇ ರುಜುವಾತು ಮಾಡಬೇಕು. (ಸರ್ಕಾರಿ ಜಾಗಕ್ಕಿದ್ದ 60 ವರ್ಷ 30ಕ್ಕೆ ಇಳಿದಿದ್ದೂ ಆಗಲೇ. ಯಾರಿಗೆ ಅನುಕೂಲವಾಯ್ತೋ!)

2007ರಲ್ಲಿ ಬೆಂಗಳೂರಿನದೇ ಜಮೀನಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಬಿಗಿ ಮಾಡಿತು. ಬರೀ ಕೂತಿದ್ದರೆ ಸಾಲದು, ಮಾಲೀಕನಿಗೆ ವಿರುದ್ಧವಾಗಿ ಹಿಡಿದಿದ್ದೇನೆ ಅನ್ನೋ ಉದ್ದೇಶ ಕಾಣಬೇಕು. ನಮ್ಮ ಭೂಗಳ್ಳರು ಎಡವೋದು ಇಲ್ಲೇ. ಮೊದಲು ನಕಲಿ ಪತ್ರ ಹಿಡಿದು "ಜಾಗ ನಂದೇ" ಅಂತಾರೆ. ಅದು ಬಿದ್ದ ಮೇಲೆ "ನಿಮ್ಮದೇ ಇರಬಹುದು, ಆದ್ರೆ 12 ವರ್ಷ ಆಯ್ತಲ್ಲ" ಅಂತಾರೆ. ಈ ಎರಡು ವಾದ ಒಟ್ಟಿಗೆ ನಿಲ್ಲಲ್ಲ ಅಂತ 2004ರಲ್ಲೇ, ಕರ್ನಾಟಕ ವಕ್ಫ್ ಮಂಡಳಿ ಪ್ರಕರಣದಲ್ಲಿ ಕೋರ್ಟ್ ಹೇಳಿಯಾಗಿದೆ.

2008ರಲ್ಲಿ ಅದೇ ಕೋರ್ಟ್, ಈ ಕಾನೂನು ತರ್ಕಕ್ಕೇ ನಿಲ್ಲಲ್ಲ, ಬದಲಿಸೋದನ್ನು ಯೋಚಿಸಿ ಅಂತ ಕೇಂದ್ರಕ್ಕೆ ಹೇಳಿತು. 2023ರಲ್ಲಿ ಕಾನೂನು ಆಯೋಗ ಬದಲಾವಣೆ ಬೇಡ ಅಂದಿತು. ಖಾಲಿ ಸೈಟಿನವರಿಗೆ ದಾವೆ ಹಾಕೋಕೆ ಇವತ್ತಿಗೂ ಇರೋದು ಆ 12 ವರ್ಷವೇ.