ಪೇಟೆ ಕಟ್ಟಿದ ಊರು, ಊರು ಉಳಿಸಿದ ಶಾಲೆ

ಶತಮಾನೋತ್ಸವದ ಸಿದ್ಧತೆಗಾಗಿ ಶಾಲೆಯ ಹಳೆಯ ದಾಖಲಾತಿ ಪುಸ್ತಕಗಳನ್ನು ಬಿಚ್ಚಿ ಕುಳಿತಾಗ ನಮ್ಮ ಗಮನ ಸೆಳೆದದ್ದು ‘ತಂದೆಯ ಉದ್ಯೋಗ’ ಎಂಬ ಅಂಕಣ. ಬೆಲ್ಲದ ಮಂಡಿ, ಹಮಾಲಿ, ನೇಯ್ಗೆ, ಗಾಡಿ ಹೊಡೆಯುವುದು, ರೈಲ್ವೆ ನೌಕರಿ. ಪುಟದಿಂದ ಪುಟಕ್ಕೆ ಇದನ್ನೇ ಓದುತ್ತ ಹೋದರೆ ಹಿಂದೂಪುರದ ಆರ್ಥಿಕ ಚರಿತ್ರೆ ತಾನಾಗಿ ತೆರೆದುಕೊಳ್ಳುತ್ತದೆ. ತೆಲುಗು ನಾಡಿನ ಈ ಊರಿನಲ್ಲಿ ಕನ್ನಡ ಶಾಲೆಯೊಂದು ನೂರು ವರ್ಷ ಬಾಳಿದ್ದು ಹೇಗೆಂದು ಹಲವರು ಕೇಳುತ್ತಾರೆ. ಭಾಷಾಭಿಮಾನ ಒಂದೇ ಅದನ್ನು ಉಳಿಸಲಿಲ್ಲ. ಪೇಟೆ ಉಳಿಸಿತು ಎಂಬುದು ನಮ್ಮ ತಿಳಿವಳಿಕೆ.

ಗುತ್ತಿಯ ಮುರಾರಿರಾವ್ ಘೋರ್ಪಡೆಯ ತಂದೆ ಹಿಂದೂರಾಯನಿಂದ ಊರಿಗೆ ಈ ಹೆಸರು ಬಂದಿತೆಂದು ಪ್ರತೀತಿ. 1800ರಲ್ಲಿ ನಿಜಾಮನಿಂದ ಕಂಪನಿಯ ಕೈಸೇರಿದ ದತ್ತಮಂಡಲದ ಭಾಗ ಇದು. 1882ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ಅನಂತಪುರ ಜಿಲ್ಲೆಯಾಯಿತು. ಅದಕ್ಕೆ ಸ್ವಲ್ಪ ಮೊದಲು, 1876–78ರಲ್ಲಿ, ಹಿರಿಯರು ಧಾತು–ಈಶ್ವರ ಬರವೆಂದು ನೆನೆಯುತ್ತಿದ್ದ ಭೀಕರ ಕ್ಷಾಮ ಈ ಸೀಮೆಯನ್ನು ಸುಟ್ಟುಹಾಕಿತ್ತು. ಬರದ ನಾಡಿಗೆ ಧಾನ್ಯ ಮುಟ್ಟಿಸಲು ಹಳಿ ಬೇಕೆಂಬ ವಿಚಾರ ಆ ಮೇಲೆ ಬಲಗೊಂಡಿತು. ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿದ್ದು ಆ ಹಿನ್ನೆಲೆಯಲ್ಲಿ. 1890ರ ದಶಕದಲ್ಲಿ ಗುಂತಕಲ್ಲಿನಿಂದ ಬೆಂಗಳೂರಿಗೆ ಹೋಗುವ ಮೀಟರ್ ಗೇಜ್ ಹಳಿ ಹಿಂದೂಪುರವನ್ನು ಹಾದುಹೋಯಿತು. ಧಾನ್ಯವನ್ನು ಒಳಗೆ ತರಲೆಂದು ಯೋಚಿಸಿದ ಹಳಿಯೇ ಬೆಲ್ಲ, ಹುಣಸೆಹಣ್ಣು, ಮೆಣಸಿನಕಾಯಿಗಳನ್ನು ಹೊರಗೆ ಒಯ್ಯತೊಡಗಿತು. ಮೈಸೂರು ಸಂಸ್ಥಾನದ ಗಡಿ ಕೂಗಳತೆಯಲ್ಲಿದ್ದುದರಿಂದ ಗೌರಿಬಿದನೂರು, ಮಧುಗಿರಿ, ಪಾವಗಡಗಳ ರೈತರಿಗೂ ಇದೇ ಪೇಟೆಯಾಯಿತು. ಮಂಡಿಯಲ್ಲಿ ಲೆಕ್ಕ ಬರೆಯಲು ಕನ್ನಡವೂ ಬೇಕಿತ್ತು, ತೆಲುಗೂ ಬೇಕಿತ್ತು.

ಇದೇ ಜಿಲ್ಲೆಯ ಕಲ್ಯಾಣದುರ್ಗವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿಯೂ ಇದೇ ಕೆಂಪು ಮಣ್ಣು, ಇದೇ ನಂಬಲಾಗದ ಮಳೆ. ಶೇಂಗಾ ಬೆಳೆಯುವ ಕಷ್ಟಸಹಿಷ್ಣು ಜನ. ಆದರೆ ಹಳಿ ಆ ದಿಕ್ಕಿಗೆ ತಿರುಗಲಿಲ್ಲ. ರಾಯದುರ್ಗ–ತುಮಕೂರು ಮಾರ್ಗದ ಅಂಗವಾಗಿ ಕಲ್ಯಾಣದುರ್ಗಕ್ಕೆ ರೈಲು ಬಂದದ್ದು ನಮ್ಮ ಕಾಲದಲ್ಲಿ, ಅಂದರೆ ಶತಮಾನಕ್ಕೂ ಮಿಕ್ಕಿ ತಡವಾಗಿ. ಆ ಕಡೆಯಿಂದ ಬಂದು ಇಲ್ಲಿನ ಬಂಧುಗಳ ಮನೆಯಲ್ಲಿದ್ದು ಓದಿದ ಮಕ್ಕಳ ಹೆಸರುಗಳು ನಮ್ಮ ಪುಸ್ತಕಗಳಲ್ಲಿವೆ. ಎಂದೋ ನಕ್ಷೆಯ ಮೇಲೆ ಎಳೆದ ಒಂದು ಗೆರೆ ಅವರನ್ನು ಮನೆಬಿಟ್ಟು ಬರುವಂತೆ ಮಾಡಿತು.

1920ರಲ್ಲಿ ಮದರಾಸು ಪ್ರಾಂತಕ್ಕೆ ಜಿಲ್ಲಾ ಪುರಸಭೆಗಳ ಕಾಯಿದೆಯೂ ನಗರ ಯೋಜನಾ ಕಾಯಿದೆಯೂ ಒಟ್ಟಿಗೆ ಬಂದವು. ಕಾಯಿದೆ ಬರುವ ಹೊತ್ತಿಗೆ ಪೇಟೆ ತನ್ನ ಬೀದಿಗಳನ್ನು ತಾನೇ ಹಾಕಿಕೊಂಡಾಗಿತ್ತು. ಯೋಜನೆ ಊರಿನ ಹಿಂದೆ ಓಡಿಬಂದಿತೇ ಹೊರತು ಮುಂದೆ ನಡೆಯಲಿಲ್ಲ. 1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಮೈಸೂರಿಗೆ ಸೇರಿತು. ನಾವು ಇತ್ತ ಉಳಿದೆವು. ಪೇಟೆಗೆ ಗಡಿಯೆಂಬುದು ಲಾಭದ ಬಾಗಿಲು. ಶಾಲೆಗೆ ಹಾಗಲ್ಲ. ಪಠ್ಯಪುಸ್ತಕ ಅರ್ಧ ವರ್ಷ ಕಳೆದ ಮೇಲೆ ಕೈಸೇರಿದ್ದನ್ನು, ಕನ್ನಡ ಬಲ್ಲ ಅಧ್ಯಾಪಕರಿಗಾಗಿ ಕಾದದ್ದನ್ನು ಹಿರಿಯ ವಿದ್ಯಾರ್ಥಿಗಳು ಮರೆತಿರಲಾರರು.

ಮುಂದೆ ಅಂಕಣ ಬದಲಾಗುತ್ತದೆ. ಅಂತರ್ಜಲ ಇಳಿದಂತೆ ಕಬ್ಬು ಹಿಂದೆ ಸರಿಯಿತು. ‘ಬೆಲ್ಲ’ ವಿರಳವಾಗಿ ‘ರೇಷ್ಮೆಗೂಡು’, ‘ನೂಲು ಬಿಚ್ಚಾಣಿಕೆ’ ಕಾಣಿಸಿಕೊಂಡವು. ಗೂಡಿನ ಮಾರುಕಟ್ಟೆಗೆ ಗಡಿಯಾಚೆಯ ರೈತರೂ ಬಂದರು. ಎನ್.ಟಿ. ರಾಮರಾವ್ ಅವರು 1985, 1989, 1994ರಲ್ಲಿ ಈ ಕ್ಷೇತ್ರದಿಂದ ಆರಿಸಿಬಂದದ್ದು ಊರಿಗೆ ಹೆಸರು ತಂದಿತು. ತೂಮುಕುಂಟೆಯ ಕೈಗಾರಿಕಾ ಪ್ರದೇಶ ಬೆಳೆದಂತೆ ‘ಕಾರ್ಖಾನೆ’ ಎಂಬ ಪದ ಪುಸ್ತಕದೊಳಕ್ಕೆ ಬಂದಿತು.

ಈ ಶತಮಾನದ ಯೋಜನೆಗಳು ಊರಿನ ಹೊರಗೇ ದೃಷ್ಟಿ ನೆಟ್ಟಿವೆ. ಲೇಪಾಕ್ಷಿ ನಾಲೆಡ್ಜ್ ಹಬ್‌ಗಾಗಿ ಚಿಲಮತ್ತೂರು, ಗೋರಂಟ್ಲ ಮಂಡಲಗಳಲ್ಲಿ ಎಂಟು ಸಾವಿರಕ್ಕೂ ಮಿಕ್ಕ ಎಕರೆ ಭೂಮಿ ನೀಡಲಾಯಿತು; ಹೊಲ ಹೋಯಿತು, ಹೇಳಿದ ಉದ್ಯೋಗ ಬರಲಿಲ್ಲ. ಪೆನುಕೊಂಡದ ಬಳಿಯ ಕಿಯಾ ಕಾರ್ಖಾನೆ ಹಾಗಾಗಲಿಲ್ಲ. 2017ರಲ್ಲಿ ಒಪ್ಪಂದ, 2019ರಲ್ಲಿ ಉತ್ಪಾದನೆ. 2022ರಲ್ಲಿ ಹೊಸ ಜಿಲ್ಲೆಯಾದಾಗ ಕೇಂದ್ರಸ್ಥಾನ ಪುಟ್ಟಪರ್ತಿಗೆ ಹೋಯಿತು; ನಮ್ಮವರ ಬೇಡಿಕೆ ಬೇಡಿಕೆಯಾಗಿಯೇ ಉಳಿಯಿತು. ಕಲ್ಯಾಣದುರ್ಗವಂತೂ ಅನಂತಪುರ ಜಿಲ್ಲೆಯಲ್ಲಿಯೇ ಉಳಿದು, ನಾವಿಬ್ಬರೂ ಬೇರೆ ಬೇರೆ ಜಿಲ್ಲೆಯವರಾದೆವು.

ಒಂದು ಕೆಲಸವನ್ನು ಮಾತ್ರ ಮನಸಾರೆ ಮೆಚ್ಚುತ್ತೇವೆ: ‘ಅಮೃತ್’ ಯೋಜನೆಯಡಿ ಗೊಲ್ಲಪಲ್ಲಿ ಜಲಾಶಯದಿಂದ ಊರಿಗೆ ಬಂದ ಕುಡಿಯುವ ನೀರು. ಬೇಸಿಗೆಯಲ್ಲಿ ಬಿಂದಿಗೆಯೊಡನೆ ಸರದಿ ನಿಂತು ತಡವಾಗಿ ತರಗತಿಗೆ ಬರುತ್ತಿದ್ದ ಹೆಣ್ಣುಮಕ್ಕಳನ್ನು ಕಂಡವರಿಗೆ ಅದರ ಬೆಲೆ ಗೊತ್ತು. ಆದರೆ ಪೇಟೆಯ ಬೀದಿಗಳ ಚರಂಡಿ, ಮಂಡಿಗೆ ಬಂದ ರೈತ ಕೂರುವ ನೆರಳು, ಲಾರಿ ನಿಲ್ಲುವ ಜಾಗ, ಇವುಗಳತ್ತಲೂ ಅಂಥದೇ ಗಮನ ಹರಿಯಬೇಕಿತ್ತು. ಪೇಟೆ ಸೊರಗಿದರೆ ಗಡಿಯಾಚೆಯ ರೈತ ಬರುವುದಿಲ್ಲ. ಆತ ಬಾರದ ಊರಿನಲ್ಲಿ ಕನ್ನಡ ಮನೆಯೊಳಗಿನ ಮಾತಾಗಿ ಉಳಿಯುತ್ತದೆ. ನಗರ ಯೋಜನೆಯ ನಕ್ಷೆಯಲ್ಲಿ ಶಾಲೆಗೊಂದು ಗುರುತು ಇರುತ್ತದೆ, ಅದರ ಮಾಧ್ಯಮಕ್ಕೆ ಇರುವುದಿಲ್ಲ.

ಈ ವರ್ಷದ ಒಂದನೆಯ ತರಗತಿಯ ಪುಟದಲ್ಲಿ ‘ಕಾರು ಕಾರ್ಖಾನೆ, ಗುತ್ತಿಗೆ’ ಎಂದು ಹಲವು ಕಡೆ ಬರೆದಿದ್ದೇವೆ. ಕೊನೆಯ ಸಾಲಿನ ಮಗುವಿನ ತಂದೆಯ ಉದ್ಯೋಗ ‘ಹುಣಸೆಹಣ್ಣಿನ ಮಂಡಿ’. ಆ ಮಗುವಿನ ಅಜ್ಜನೂ ಇಲ್ಲಿಯೇ ಓದಿದವರು. ಅವರ ಪುಟದಲ್ಲಿಯೂ ಅದೇ ಪದವಿದೆ.